ಭಾವನ ಹುಬ್ಬಿನ ಗಾಯ ಮತ್ತು ಒಹಾಯೋದ ನಾಲ್ಕು ದಿನ

ನಮ್ಮ ಭಾವನ ಎಡ ಹುಬ್ಬಿನ ಮೇಲೆ ಒಂದು ಗೆರೆ ಇದೆ. ಒಂಬತ್ತು ಹೊಲಿಗೆ ಹಾಕಿದ್ದು. ಅದಕ್ಕೆ ಕಾರಣ ನಾನು. 1982ರಲ್ಲಿ ಮೈಸೂರಿನಲ್ಲಿ ಮ್ಯಾಟಿಂಗ್ ಪಿಚ್ ಮೇಲೆ ಒಂದು ಬೌನ್ಸರ್ ಹಾಕಿದ್ದೆ. ಆಗ ಅವರಿನ್ನೂ ಭಾವ ಆಗಿರಲಿಲ್ಲ, ಎದುರು ಕಾಲೇಜಿನ ಓಪನರ್. ನಮ್ಮ ಹುಡುಗರ ಮಟ್ಟದಲ್ಲಿ ಹೆಲ್ಮೆಟ್ ಅನ್ನೋದನ್ನ ಯಾರೂ ಕಂಡಿರಲಿಲ್ಲ. ನನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಟವೆಲ್ಲು ಒತ್ತಿ ಹಿಡ್ಕೊಳ್ಳೋಕೆ ಹೇಳಿ, ದೊಡ್ಡಾಸ್ಪತ್ರೆಗೆ ತುಳಿದೆ. ಮುಂದಿನ ವಾರ ಅವರಿಗೆ ಯೂನಿವರ್ಸಿಟಿ ತಂಡದ ಆಯ್ಕೆ ಇತ್ತು. ಹೋಗಲಾಗಲಿಲ್ಲ. ಮತ್ತೆ ಆ ಆಸೆ ಕೈಗೂಡಲೂ ಇಲ್ಲ. ನಾನು ತಪ್ಪು ಮಾಡಿದವನ ಥರ ಅವರ ಮನೆಗೆ ಓಡಾಡಿದೆ, ಅವರು ನಮ್ಮ ಮನೆಗೆ ಬರೋಕೆ ಶುರು ಮಾಡಿದರು, ನಾಲ್ಕು ವರ್ಷಕ್ಕೆ ನಮ್ಮಕ್ಕನ ಕೈ ಹಿಡಿದರು. ನೆಂಟರ ಮದುವೆಗಳಲ್ಲಿ ಊಟಕ್ಕೆ ಕೂತಾಗೆಲ್ಲ ಈ ಕಥೆ ಬಂದೇ ಬರುತ್ತೆ. "ಇವನಿಂದ ನನ್ನ ಕ್ರಿಕೆಟ್ ಹೋಯ್ತು, ಇವರಕ್ಕ ಬಂದ್ಲು" ಅಂತ ಭಾವ ಹೇಳ್ತಾರೆ, ಎಲ್ಲರೂ ನಗ್ತಾರೆ, ನಾನೂ ನಗ್ತೀನಿ.

ಅವರ ಮಗ, ಅಂದರೆ ನಮ್ಮ ಅಳಿಯ, ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ ಕೆಲಸದಲ್ಲಿದ್ದಾನೆ. ಈ ಸಲ ಆಗಸ್ಟ್‌ನಲ್ಲಿ ನಾವೆಲ್ಲ ಅಲ್ಲೇ ಇದ್ದೆವು. ಅವನಿಗೆ ಬೇಸ್‌ಬಾಲ್ ಹುಚ್ಚು. ಆದರೆ ಗೆದ್ದವರ ಮೇಲೆ ಅಷ್ಟು ಆಸಕ್ತಿ ಇಲ್ಲ. ಚೆನ್ನಾಗಿ ಆಡ್ತಾ ಇದ್ದು, ಒಂದು ದಿನ ಏನೋ ಆಗಿ ನಿಂತುಹೋದವರ ಮೇಲೆ ಜಾಸ್ತಿ. "ನಾಲ್ಕು ದಿನ ರಜಾ ಹಾಕ್ತೀನಿ ಮಾವ, ಅಂಥವರ ಊರುಗಳನ್ನ ತೋರಿಸ್ತೀನಿ" ಅಂದ. ಅಕ್ಕ ಬರಲ್ಲ ಅಂದಳು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟಳು.

ಮೊದಲ ದಿನ: ಜೋಳದ ಹೊಲ, ಕುದುರೆ ಗಾಡಿ, ಕ್ಯಾಂಟನ್

ದೊಡ್ಡ ಹೆದ್ದಾರಿ ಬಿಟ್ಟು 62ನೇ ನಂಬರಿನ ರಸ್ತೆ ಹಿಡಿದೆವು. ಟೈಮು ಸ್ವಲ್ಪ ಜಾಸ್ತಿ ಆಗುತ್ತೆ, ಆದರೆ ಮಿಲ್ಲರ್ಸ್‌ಬರ್ಗ್ ಆದಮೇಲಿನ ಏರಿಳಿತ ನೋಡಿದರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಎರಡೂ ಕಡೆ ಆಳೆತ್ತರದ ಮುಸುಕಿನ ಜೋಳ. ಕಾರು ಇಟ್ಟುಕೊಳ್ಳದ ಅಮಿಶ್ ಪಂಥದ ಜನರ ಕಪ್ಪು ಕುದುರೆ ಗಾಡಿಗಳು ರಸ್ತೆ ಪಕ್ಕದಲ್ಲಿ ಟಕಟಕ ಅಂತ ಹೋಗ್ತಾ ಇರ್ತವೆ. ಏರು ಹತ್ತಿ ಇಳಿಯೋ ಕಡೆ ಒಂದು ಗಾಡಿ ಇದ್ದಕ್ಕಿದ್ದಂಗೆ ಎದುರಾಗಿ ಅಳಿಯ ಬ್ರೇಕ್ ಒತ್ತಿದ. ಹಿಂದಿನ ಸೀಟಿನ ಮೊಸರನ್ನದ ಡಬ್ಬಿ ಮುಚ್ಚಳ ಕಿತ್ತುಕೊಂಡು ನನ್ನ ಪ್ಯಾಂಟಿನ ಮೇಲೆ. ಆ ದಾರಿಯಲ್ಲಿ ಹೋಗುವವರು ದಿಬ್ಬಗಳಲ್ಲಿ ನಿಧಾನ ಮಾಡಿ, ಮೊಸರನ್ನ ಕೈಲಿ ಹಿಡ್ಕೊಳ್ಳಿ.

ಒಂದು ಮನೆ ಮುಂದೆ ಮೇಜಿನ ಮೇಲೆ ಜೋಳದ ತೆನೆ ರಾಶಿ ಹಾಕಿದ್ದರು. ಮಾರೋರು ಯಾರೂ ಇಲ್ಲ, ದುಡ್ಡು ಹಾಕೋಕೆ ಒಂದು ತಗಡಿನ ಡಬ್ಬಿ. ಭಾವ ಡಜನ್ ತೆನೆ ಎಣಿಸಿ ಡಿಕ್ಕಿಗೆ ಹಾಕಿಸಿದರು. "ನಿಮ್ಮಕ್ಕನಿಗೆ ಉಸಲಿಗೆ" ಅಂದರು. ಅಲ್ಲೇ ಒಂದು ತೆನೆ ಸಿಪ್ಪೆ ಸುಲಿದು ಹಸಿಯಾಗೇ ಕಚ್ಚಿದೆವು. ಕಬ್ಬಿನ ಹಾಲಿನಷ್ಟು ಸಿಹಿ.

ಕ್ಯಾಂಟನ್‌ಗೆ ಹೋಗಿದ್ದು ಥರ್ಮನ್ ಮನ್ಸನ್ ಸಲುವಾಗಿ. ನ್ಯೂಯಾರ್ಕ್ ಯಾಂಕೀಸ್ ತಂಡದ ಕ್ಯಾಪ್ಟನ್, ಕ್ಯಾಚರ್. ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಒಂಬತ್ತು ಇನಿಂಗ್ಸ್ ಕುಕ್ಕರಗಾಲಲ್ಲೇ ಇರಬೇಕು. ಹೆಂಡತಿ ಮಕ್ಕಳು ಕ್ಯಾಂಟನ್‌ನಲ್ಲಿ. ಬಿಡುವಿದ್ದಾಗ ಮನೆಗೆ ಬರೋಕೆ ಸುಲಭ ಆಗಲಿ ಅಂತ ವಿಮಾನ ಓಡಿಸೋದು ಕಲಿತ, ಸೆಸ್ನಾ ಜೆಟ್ ಕೊಂಡ. 1979ರ ಆಗಸ್ಟ್ 2ರಂದು ಅಕ್ರನ್-ಕ್ಯಾಂಟನ್ ವಿಮಾನ ನಿಲ್ದಾಣದಲ್ಲಿ ಇಳಿಯೋದನ್ನ ಅಭ್ಯಾಸ ಮಾಡ್ತಾ ಇದ್ದಾಗ ವಿಮಾನ ಬಿತ್ತು. ಜೊತೆಗಿದ್ದ ಇಬ್ಬರು ಉಳಿದರು. ಅವನಿಗೆ 32 ವರ್ಷ. ಮನೆಗೆ ಬೇಗ ಬರೋಕೆ ಅಂತ ಕೊಂಡ ವಿಮಾನ.

ಸನ್‌ಸೆಟ್ ಹಿಲ್ಸ್ ಸ್ಮಶಾನದಲ್ಲಿ ಸಮಾಧಿ ನೋಡಿದೆವು. ಹೊರಗೆ ಬಂದ ತಕ್ಷಣ ಭಾವ, "ಸ್ಮಶಾನಕ್ಕೆ ಹೋಗಿದ್ವಿ ಅಂತ ನಿಮ್ಮಕ್ಕನಿಗೆ ಫೋನಲ್ಲಿ ಹೇಳ್ಬೇಡ" ಅಂದರು. ಇನ್ನೂ ಎರಡು ಇವೆ ಅಂತ ಅಳಿಯ ಆಗ ಹೇಳಲಿಲ್ಲ.

ಎರಡನೇ ದಿನ: ಕ್ಲೀವ್‌ಲ್ಯಾಂಡ್

ರಾತ್ರಿ ತಂಗಿದ್ದ ಕಡೆ ಎಸಿ ತೊಟ್ಟಿಕ್ಕಿ ನನ್ನ ಚಪ್ಪಲಿ ಒದ್ದೆ ಆಗಿತ್ತು. ಬೆಳಿಗ್ಗೆ ಅದನ್ನೇ ಹಾಕ್ಕೊಂಡು ಹೊರಟೆ.

ಲೆಕ್ಸಿಂಗ್ಟನ್ ಅವೆನ್ಯೂ, 66ನೇ ರಸ್ತೆ ಸೇರುವ ಮೂಲೆಯಲ್ಲಿ ಲೀಗ್ ಪಾರ್ಕ್. ಸುತ್ತ ಹಳೇ ಮನೆಗಳು, ಅಲ್ಲಲ್ಲಿ ಖಾಲಿ ಸೈಟು. ಹಳೇ ಸ್ಟೇಡಿಯಂನಲ್ಲಿ ಉಳಿದಿರೋದು ಇಟ್ಟಿಗೆಯ ಟಿಕೆಟ್ ಕಟ್ಟಡ ಮತ್ತು ಗೋಡೆಯ ಒಂದು ತುಂಡು. ಟಿಕೆಟ್ ಕಟ್ಟಡದಲ್ಲಿ ಈಗ ಪುಟ್ಟ ಮ್ಯೂಸಿಯಂ. ವಾರದ ಎಲ್ಲ ದಿನ ತೆಗೆದಿರಲ್ಲ, ವಿಚಾರಿಸಿಕೊಂಡು ಹೋಗಬೇಕು. ಮೈದಾನ ಮಾತ್ರ ಹಳೇ ಜಾಗದಲ್ಲೇ, ಹಳೇ ದಿಕ್ಕಿಗೇ ಇದೆ. ಬೇಸ್‌ಬಾಲ್‌ನ ದಂತಕಥೆ ಬೇಬ್ ರೂತ್ ತನ್ನ 500ನೇ ಹೋಮ್ ರನ್, ಅಂದ್ರೆ ನಮ್ಮ ಸಿಕ್ಸರ್ ಥರದ ಹೊಡೆತ, 1929ರಲ್ಲಿ ಹೊಡೆದದ್ದು ಇಲ್ಲೇ. ನಾವು ಹೋದಾಗ ಒಬ್ಬ ಹುಡುಗ ತಂದೆ ಜೊತೆ ಕ್ಯಾಚ್ ಆಡ್ತಾ ಇದ್ದ. ಚೆಂಡು ಗ್ಲೌಸಿಗೆ ಬಿದ್ದಾಗ ಬರೋ ಸದ್ದು, ಒದ್ದೆ ಬಟ್ಟೆ ಕಲ್ಲಿಗೆ ಕುಕ್ಕಿದ ಹಾಗೆ.

ಇಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ, ಅಂದ್ರೆ ಎರಡನೇ ಮೂರನೇ ಬೇಸ್ ನಡುವೆ, ನಿಲ್ತಾ ಇದ್ದವನು ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್ಮನ್. 1917ರಲ್ಲಿ 52 ಬೇಸ್ ಕದ್ದಿದ್ದ, ಅಂದ್ರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ ಸೇರಿದ್ದ. ಕ್ಲೀವ್‌ಲ್ಯಾಂಡ್ ತಂಡದ ಮಟ್ಟಿಗೆ ಆ ದಾಖಲೆ 1980ರವರೆಗೂ ಉಳಿದಿತ್ತು. ತನ್ನ ವಿಕೆಟ್ ಕೊಟ್ಟು ಇನ್ನೊಬ್ಬನನ್ನು ಮುಂದೆ ದಾಟಿಸೋ ಹೊಡೆತ, ಸ್ಯಾಕ್ರಿಫೈಸ್ ಅಂತಾರೆ, ಅದೇ ವರ್ಷ 67 ಸಲ ಹೊಡೆದ. ಆ ದಾಖಲೆ ಇವತ್ತಿಗೂ ಯಾರೂ ಮುರಿದಿಲ್ಲ. ತಂಡದಲ್ಲಿ ಎಲ್ಲರಿಗೂ ಬೇಕಾದವನು.

1920ರ ಆಗಸ್ಟ್ 16. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಮೋಡ ಕವಿದ ಮಧ್ಯಾಹ್ನ. ಯಾಂಕೀಸ್ ಕಡೆ ಎಸೀತಾ ಇದ್ದವನು ಕಾರ್ಲ್ ಮೇಸ್. ಕೈ ನೆಲಕ್ಕೆ ತಾಗೋ ಹಾಗೆ ಬಗ್ಗಿ ಕೆಳಗಿನಿಂದ ಎಸೀತಿದ್ದ. ಬೇಸ್‌ಬಾಲ್‌ನಲ್ಲಿ ಎಲ್ಲಾ ಎಸೆತವೂ ಫುಲ್‌ಟಾಸೇ ಅಲ್ವಾ. ತಲೆಗೆ ಬಂತು ಅಂದ್ರೆ ನಮ್ಮ ಲೆಕ್ಕದಲ್ಲಿ ಬೀಮರ್. ಆ ಕಾಲದಲ್ಲಿ ಒಂದೇ ಚೆಂಡನ್ನ ಮಣ್ಣು, ತಂಬಾಕಿನ ಎಂಜಲು ಹತ್ತಿ ಕಪ್ಪಾಗೋವರೆಗೂ ಆಡಿಸ್ತಿದ್ದರು. ಐದನೇ ಇನಿಂಗ್ಸ್‌ನಲ್ಲಿ ಚೆಂಡು ಚಾಪ್ಮನ್ ತಲೆಗೆ ಬಡೀತು. ಅವನು ಅಲ್ಲಾಡಲೇ ಇಲ್ಲ ಅಂತಾರೆ ಕಂಡವರು. ಸದ್ದು ಎಷ್ಟು ಜೋರಿತ್ತು ಅಂದ್ರೆ, ಬ್ಯಾಟಿಗೇ ತಾಗಿದೆ ಅಂದ್ಕೊಂಡು ಮೇಸ್ ಉರುಳಿ ಬಂದ ಚೆಂಡನ್ನ ಹಿಡಿದು ಮೊದಲ ಬೇಸಿಗೆ ಎಸೆದ, ಔಟ್ ಮಾಡೋಕೆ. ಮಾರನೇ ದಿನ ನಸುಕಿನಲ್ಲಿ ಚಾಪ್ಮನ್ ತೀರಿಕೊಂಡ. 29 ವರ್ಷ. ಮದುವೆಯಾಗಿ ವರ್ಷ ಆಗಿರಲಿಲ್ಲ, ಹೆಂಡತಿ ಬಸುರಿ. ಮೇಜರ್ ಲೀಗ್ ಆಟದಲ್ಲಿ ಎಸೆತ ತಗುಲಿ ಸತ್ತವನು ಇವತ್ತಿನವರೆಗೂ ಅವನೊಬ್ಬನೇ.

ಮೇಸ್ ಆ ಚೆಂಡನ್ನ ಮೊದಲ ಬೇಸಿಗೆ ಎಸೆದದ್ದು. ನನಗೆ ಅದೊಂದು ಮರೆಯೋಕಾಗಲ್ಲ. 1982ರಲ್ಲಿ ನಾನೂ ಅಪೀಲ್ ಮಾಡಿದ್ದೆ. ಭಾವನ ಹಣೆಗೆ ಬಡಿದು ಚೆಂಡು ಗಲ್ಲಿ ಕಡೆ ಹಾರಿ ಕ್ಯಾಚ್ ಆಗಿತ್ತು. ಗ್ಲೌಸಿಗೆ ತಾಗಿದೆ ಅಂತ ಎರಡೂ ಕೈ ಎತ್ತಿ ಕೂಗಿದೆ. ಕೂಗು ಮುಗಿಯೋ ಹೊತ್ತಿಗೆ ರಕ್ತ ಕಂಡಿತ್ತು. ಮದುವೆ ಊಟದ ಕಥೆಯಲ್ಲಿ ಈ ಭಾಗ ಬರಲ್ಲ.

ಅಲ್ಲಿಂದ ಲೇಕ್ ವ್ಯೂ ಸ್ಮಶಾನಕ್ಕೆ ಕಾರಲ್ಲಿ ಸ್ವಲ್ಪವೇ ದೂರ. ಸ್ಮಶಾನ ಅನ್ನೋದಕ್ಕಿಂತ ಲಾಲ್‌ಬಾಗ್ ಅನ್ನಬಹುದು. ಗುಡ್ಡ, ಕೆರೆ, ದೊಡ್ಡ ದೊಡ್ಡ ಮರ. ಅಮೆರಿಕದ ಅಧ್ಯಕ್ಷನಾಗಿದ್ದ ಗಾರ್‌ಫೀಲ್ಡ್, ಎಣ್ಣೆ ಸಾಹುಕಾರ ರಾಕ್‌ಫೆಲ್ಲರ್ ಎಲ್ಲರೂ ಇಲ್ಲೇ ಮಲಗಿದ್ದಾರೆ. ಸಂಜೆ ಗೇಟ್ ಹಾಕ್ತಾರೆ, ಬೆಳಿಗ್ಗೆ ಹೋಗೋದು ವಾಸಿ.

ಚಾಪ್ಮನ್ ಕಲ್ಲಿನ ಮುಂದೆ ಬೇಸ್‌ಬಾಲ್‌ಗಳು ಬಿದ್ದಿದ್ದವು. ಕೆಲವು ಹೊಸವು, ಕೆಲವು ಮಳೆಗೆ ನೆನೆದು ಹೊಲಿಗೆ ಬಿಟ್ಟವು. ಚಿಲ್ಲರೆ ಕಾಸೂ ಇತ್ತು. ನೂರು ವರ್ಷ ದಾಟಿದರೂ ಜನ ಬರ್ತಾರೆ. ಭಾವ ಬೂಟು ಸಾಕ್ಸು ಎರಡೂ ಬಿಚ್ಚಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತರು. ಅಲ್ಲಿ ಬಾತುಕೋಳಿ ಹಿಕ್ಕೆ ಜಾಸ್ತಿ. ಮೂರನೇ ಹೆಜ್ಜೆಗೇ ತುಳಿದರು. "ಥೂ" ಅಂದು ಕಾಲು ಒರೆಸಿಕೊಳ್ತಾ, ಕಲ್ಲನ್ನೇ ನೋಡ್ತಾ ಕೇಳಿದರು, "ಆ ಬೌಲರ್ ಏನಾದ?"

ಅಳಿಯ ಬಾಯಿ ತೆಗೆಯೋ ಮುಂಚೆ ನಾನೇ ಹೇಳಿದೆ. ಹೊರಡೋ ಮುಂಚೆ ಓದಿಕೊಂಡಿದ್ದೆ, ಬೇರೆ ಯಾರ ಬಗ್ಗೆಯೂ ಅಷ್ಟು ಓದಿರಲಿಲ್ಲ. ಅದು ಆಕಸ್ಮಿಕ ಅಂತ ತೀರ್ಮಾನ ಆಯ್ತು. ಅವನ ಎದುರು ಆಡಲ್ಲ ಅಂತ ಬೇರೆ ತಂಡದವರು ಗಲಾಟೆ ಮಾಡಿದರು. ಒಂದು ವಾರಕ್ಕೆ ಮತ್ತೆ ಎಸೆಯೋಕೆ ನಿಂತ. ಬೇಸ್‌ಬಾಲ್‌ನಲ್ಲಿ ಗೆಲುವು ಸೋಲನ್ನ ಎಸೆಯೋನ ಹೆಸರಿಗೆ ಬರೀತಾರೆ, ಆ ಲೆಕ್ಕದಲ್ಲಿ ಆ ವರ್ಷ 26 ಪಂದ್ಯ ಗೆದ್ದ, ಮುಂದಿನ ವರ್ಷ 27. ಒಟ್ಟು ಇನ್ನೂರಕ್ಕೂ ಜಾಸ್ತಿ. ಅಷ್ಟು ಗೆದ್ದರೂ ದೊಡ್ಡ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳಲಿಲ್ಲ. 1971ರಲ್ಲಿ ಸತ್ತ. ಹೊಸ ಬ್ಯಾಟರ್‌ಗಳಿಗೆ ಹೆಲ್ಮೆಟ್ ಕಡ್ಡಾಯ ಆದದ್ದೂ ಅದೇ 1971ರಲ್ಲಿ.

"ನೀನು ಆಮೇಲೆ ಎಷ್ಟು ವಿಕೆಟ್ ತಗೊಂಡೆ?" ಅಂದರು ಭಾವ. ನಾನು ಆ ಸೀಸನ್ ಪೂರ್ತಿ ಆಫ್ ಸ್ಪಿನ್ ಹಾಕಿದ್ದು ಅವರಿಗೂ ಗೊತ್ತು.

ಪಕ್ಕದ ಲಿಟಲ್ ಇಟಲಿಯಲ್ಲಿ ಕಸಾಟ ತಿನ್ನೋಣ ಅಂದ ಅಳಿಯ. ಭಾವ ಐಸ್‌ಕ್ರೀಂ ಬರುತ್ತೆ ಅಂತ ಕಾಯ್ತಾ ಇದ್ದರು. ಬಂದದ್ದು ಕೇಕು. ಕ್ಲೀವ್‌ಲ್ಯಾಂಡ್‌ನಲ್ಲಿ ಕಸಾಟ ಅಂದ್ರೆ ನಡುವೆ ಸ್ಟ್ರಾಬೆರಿ, ಕಸ್ಟರ್ಡು ಇಟ್ಟ ಮೆತ್ತನೆ ಕೇಕು. ತಿನ್ನೋ ಮುಂಚೆ ಭಾವ ಬಾಟಲಿ ನೀರು ತಲೆ ಮೇಲೆ ಪ್ರೋಕ್ಷಣೆ ಮಾಡ್ಕೊಂಡು ನಮಗೂ ಚಿಮುಕಿಸಿದರು. ಪಕ್ಕದ ಮೇಜಿನವರು ಸೆಕೆಗೆ ಅಂದ್ಕೊಂಡಿರಬೇಕು.

ಸಂಜೆ ಪ್ರೋಗ್ರೆಸಿವ್ ಫೀಲ್ಡ್ ಸ್ಟೇಡಿಯಂನಲ್ಲಿ ಕ್ಲೀವ್‌ಲ್ಯಾಂಡ್ ತಂಡ ಗಾರ್ಡಿಯನ್ಸ್‌ನ ಪಂದ್ಯ. ಬೇಗ ಹೋದರೆ ಸೆಂಟರ್ ಫೀಲ್ಡ್ ಹಿಂದಿನ ಹೆರಿಟೇಜ್ ಪಾರ್ಕ್ ಸಮಾಧಾನವಾಗಿ ನೋಡಬಹುದು. ಚಾಪ್ಮನ್ ಹೆಸರಿನ ಕಂಚಿನ ಫಲಕ ಅಲ್ಲಿದೆ. ಒಂದು ಸ್ಟೇಡಿಯಂನಿಂದ ಇನ್ನೊಂದಕ್ಕೆ ಹೋಗೋವಾಗ ಆ ಫಲಕ ಗೋದಾಮು ಸೇರಿ, 2007ರಲ್ಲಿ ಮತ್ತೆ ಸಿಕ್ಕಿತಂತೆ. ಮೂರನೇ ಇನಿಂಗ್ಸ್‌ಗೆ ಮಳೆ ಬಂತು. ಪೀರೋಗಿ ಅಂತ ಆಲೂಗೆಡ್ಡೆ ಹೂರಣದ ಕಡುಬು ತಿನ್ನುತ್ತಾ ಟಾರ್ಪಾಲು ಎಳೆಯೋದನ್ನ ನೋಡ್ತಾ ಕೂತೆವು.

ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರಿದ್ದರು. ಮಳೆ ಬಂದರೆ ಹರ್ಬ್ ಸ್ಕೋರ್ ನೆನಪಾಗ್ತಾನೆ ಅಂದರು. 34 ವರ್ಷ, 1997ರವರೆಗೆ ಈ ತಂಡದ ಕಾಮೆಂಟರಿ ಹೇಳಿದವನು. ಹೆಸರು ತಪ್ಪು ಹೇಳ್ತಿದ್ದನಂತೆ, ಯಾವ ಊರಲ್ಲಿ ಇದೀವಿ ಅನ್ನೋದನ್ನೇ ತಪ್ಪು ಹೇಳ್ತಿದ್ದನಂತೆ. ಆದ್ರೂ ಆ ದನಿ ಇಲ್ಲದೆ ಬೇಸಿಗೆ ಬೇಸಿಗೆ ಅನ್ನಿಸ್ತಿರಲಿಲ್ಲ ಅಂದರು. ಎಷ್ಟೋ ಹುಡುಗರಿಗೆ ಅವನು ಆಡ್ತಿದ್ದ ಅನ್ನೋದೇ ಗೊತ್ತಿರಲಿಲ್ಲ.

ಆಡ್ತಿದ್ದ ಅಂದ್ರೆ ಹೇಗೆ! ಎಸೆಯೋನು, 1955ರಲ್ಲಿ ಮೊದಲ ವರ್ಷವೇ 245 ಸ್ಟ್ರೈಕ್‌ಔಟ್, ಅಂದ್ರೆ ಬ್ಯಾಟರ್‌ಗೆ ಚೆಂಡು ಹೊಡೆಯೋಕೇ ಬಿಡದೆ ಔಟ್ ಮಾಡಿದ್ದು, ಮುಂದಿನ ವರ್ಷ 263, ಜೊತೆಗೆ 20 ಗೆಲುವು. 1957ರಲ್ಲಿ ಬಾಸ್ಟನ್‌ನವರು ಅವನಿಗೆ ಹತ್ತು ಲಕ್ಷ ಡಾಲರ್ ಕೊಡ್ತೀವಿ ಅಂದರು, ಕ್ಲೀವ್‌ಲ್ಯಾಂಡ್ ಕೊಡಲ್ಲ ಅಂತು. ಅದೇ ಮೇ 7ರಂದು, ಇದೇ ಊರಲ್ಲಿ, ಯಾಂಕೀಸ್‌ನ ಗಿಲ್ ಮೆಕ್‌ಡೂಗಲ್ಡ್ ಹೊಡೆದ ಚೆಂಡು ನೆಟ್ಟಗೆ ಬಂದು ಅವನ ಬಲಗಣ್ಣಿಗೆ ಬಡೀತು. ಹೊಡೆದವನು ಬೇಸಿಗೆ ಓಡಲಿಲ್ಲ, ಸ್ಕೋರ್ ಕಡೆಗೆ ಓಡಿದ. ಇವನ ಕಣ್ಣು ಹೋದರೆ ನಾನೂ ಆಟ ಬಿಡ್ತೀನಿ ಅಂದ. ಸ್ಕೋರ್ ತಾಯಿಯೇ ಅವನಿಗೆ ಸಮಾಧಾನ ಹೇಳಿದರಂತೆ. ಕಣ್ಣು ಉಳೀತು. ಆದರೆ ಆ ವೇಗ ಮತ್ತೆ ಬರಲಿಲ್ಲ. 55 ಗೆಲುವು, 46 ಸೋಲಿಗೆ ಆಟ ಮುಗೀತು. ಮುಂದಿನ ವರ್ಷ ತಂಪಿನ ರಾತ್ರಿಯೊಂದರಲ್ಲಿ ಮೊಣಕೈ ಕೆಟ್ಟಿತು, ಅದರಿಂದ ಹೋಯ್ತು, ಕಣ್ಣಿನಿಂದ ಅಲ್ಲ ಅಂತ ಸ್ಕೋರ್ ಕೊನೇವರೆಗೂ ಹೇಳ್ತಿದ್ದ.

ಮಳೆ ನಿಂತು ಆಟ ಮುಗಿಯೋ ಹೊತ್ತಿಗೆ ಹನ್ನೊಂದೂವರೆ. ಯಾರು ಗೆದ್ದರು ಅಂತ ಕೇಳಬೇಡಿ, ಭಾವ ನನ್ನ ಭುಜದ ಮೇಲೆ ಮಲಗಿದ್ದರು.

ಮೂರನೇ ದಿನ: ಕೆರೆ ದಂಡೆ, ಟೊಲೆಡೊ

ಈರಿ ಸರೋವರದ ಪಕ್ಕದ 2ನೇ ನಂಬರಿನ ರಸ್ತೆ. ಬಲಕ್ಕೆ ಆಗಾಗ ನೀರು, ಸಮುದ್ರದಷ್ಟೇ ಅಗಲ, ಉಪ್ಪು ವಾಸನೆ ಮಾತ್ರ ಇಲ್ಲ. ಅಳಿಯ ಬಾಸ್ಟನ್ನಿನ ಟೋನಿ ಕಾನಿಗ್ಲಿಯಾರೊ ಕಥೆ ತೆಗೆದ. 22 ವರ್ಷಕ್ಕೆ ನೂರು ಹೋಮ್ ರನ್ ದಾಟಿದ ಹುಡುಗ. 1967ರ ಆಗಸ್ಟ್ 18ರಂದು ಕೆನ್ನೆಗೆ ಚೆಂಡು ಬಿದ್ದು ಕಣ್ಣು ಕೆಟ್ಟಿತು. ಒಂದು ವರ್ಷ ಬಿಟ್ಟು ವಾಪಸ್ ಬಂದ, 1970ರಲ್ಲಿ 36 ಹೋಮ್ ರನ್ ಹೊಡೆದ, ಆಮೇಲೆ ಮತ್ತೆ ಕಣ್ಣು ಕೈಕೊಡ್ತು.

"ಮನ್ಸನ್, ಚಾಪ್ಮನ್, ಇವನು. ಎಲ್ಲಾ ಆಗಸ್ಟೇ" ಅಂದ.

"ಇವರಿಗೆ ಆಷಾಢ ಲೇಟಾಗಿ ಬರುತ್ತೆ" ಅಂದರು ಭಾವ.

ಆಮೇಲೆ ಕ್ರಿಕೆಟ್ ಮಾತು. ನಾರಿ ಕಂಟ್ರಾಕ್ಟರ್ ಬರದೇ ಇರ್ತಾರಾ? 1962, ಬಾರ್ಬಡೋಸ್, ಚಾರ್ಲಿ ಗ್ರಿಫಿತ್ ಎಸೆತ ತಲೆಗೆ. ಭಾರತದ ಕ್ಯಾಪ್ಟನ್, 28 ವರ್ಷ, ಮತ್ತೆ ಟೆಸ್ಟ್ ಆಡಲಿಲ್ಲ. ರಕ್ತ ಕೊಟ್ಟವರಲ್ಲಿ ವೆಸ್ಟ್ ಇಂಡೀಸ್ ಕ್ಯಾಪ್ಟನ್ ಫ್ರಾಂಕ್ ವೊರೆಲ್ ಕೂಡ ಒಬ್ಬ. 2014ರಲ್ಲಿ ಸಿಡ್ನಿಯಲ್ಲಿ ಬೌನ್ಸರ್ ಕತ್ತಿಗೆ ಬಡಿದು ತೀರಿಕೊಂಡ ಫಿಲ್ ಹ್ಯೂಸ್, 25 ವರ್ಷ, 63 ನಾಟೌಟ್. "ಆ ಬೌಲರ್ ಹುಡುಗ ಶಾನ್ ಅಬಟ್ ಬಗ್ಗೆ ಆಗ ತುಂಬಾ ಯೋಚನೆ ಮಾಡಿದ್ದೆ" ಅಂದೆ. ಕಾರಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಪೆಟ್ರೋಲ್ ಹಾಕಿಸೋಕೆ ನಿಲ್ಲಿಸಿದಾಗ ಅಳಿಯ ಒಳಗೆ ಕಾಫಿ ತರೋಕೆ ಹೋದ. ಭಾವ ಕಿಟಕಿ ಕಡೆ ನೋಡ್ತಾ ಅಂದರು, "ನಂಗೆ ಅದಕ್ಕೂ ಮುಂಚೇನೇ ಶಾರ್ಟ್ ಬಾಲ್ ಅಂದ್ರೆ ಭಯ ಕಣೋ. ಯೂನಿವರ್ಸಿಟಿ ಟೀಮಲ್ಲಿ ನಾನೆಲ್ಲಿ ಆಡ್ತಿದ್ದೆ." ನಲವತ್ತು ವರ್ಷದಲ್ಲಿ ಮೊದಲ ಸಲ ಈ ಮಾತು. ನಿಜ ಹೇಳಿದ್ದೋ, ಸ್ಕೋರ್ ಕಥೆ ಕೇಳಿ ನನಗೋಸ್ಕರ ಹೇಳಿದ್ದೋ ಗೊತ್ತಾಗಲಿಲ್ಲ. ಅಳಿಯ ಕಾಫಿ ತಂದ. ಸಕ್ಕರೆ ಮರೆತು ಬಂದಿದ್ದ.

ಟೊಲೆಡೊದ ವುಡ್‌ಲಾನ್ ಸ್ಮಶಾನದಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಎಸೀತಿದ್ದ ಅಡಿ ಜಾಸ್ ಸಮಾಧಿ ಹುಡುಕೋಕೆ ಮುಕ್ಕಾಲು ಗಂಟೆ ಹಿಡೀತು. ಫೋನಿನ ಮ್ಯಾಪ್ ತೋರಿಸಿದ ಕಡೆ ಯಾರೋ ಬೇರೆಯವರು ಮಲಗಿದ್ದರು. ಹುಲ್ಲು ಕತ್ತರಿಸ್ತಿದ್ದ ಒಬ್ಬ ಯಂತ್ರ ನಿಲ್ಲಿಸಿ, ನಮ್ಮನ್ನ ನೋಡಿ, "ಬೇಸ್‌ಬಾಲ್?" ಅಂದ. ಹೌದು ಅಂದ್ವಿ. ಮುಂದೆ ನಡೆದು ತೋರಿಸಿ, ಹ್ಯಾಟು ಸ್ವಲ್ಪ ಎತ್ತಿ ವಾಪಸ್ ಹೋದ. ಸುಮ್ನೆ ಸುತ್ತೋ ಬದಲು ಮೊದಲೇ ಯಾರನ್ನಾದ್ರೂ ಕೇಳಿಬಿಡಿ.

ಜಾಸ್‌ಗೆ ಯಾರೂ ಚೆಂಡು ಹೊಡೀಲಿಲ್ಲ. ಅವನದ್ದು ಕಾಯಿಲೆ. 1908ರ ಅಕ್ಟೋಬರ್ 2ರಂದು ಒಬ್ಬನೇ ಒಬ್ಬ ಬ್ಯಾಟರ್ ಮೊದಲ ಬೇಸ್ ಮುಟ್ಟದ ಹಾಗೆ ಪೂರಾ ಪಂದ್ಯ ಎಸೆದವನು. ಪಂದ್ಯಕ್ಕೆ ಅವನು ಬಿಟ್ಟುಕೊಟ್ಟ ರನ್ ಸರಾಸರಿ 1.89, ಇಡೀ ಚರಿತ್ರೆಯಲ್ಲಿ ಎರಡನೇ ಸ್ಥಾನ. ಚಳಿಗಾಲದಲ್ಲಿ ಟೊಲೆಡೊ ಪತ್ರಿಕೆಗೆ ಬರೀತಿದ್ದ. 1911ರ ಏಪ್ರಿಲ್‌ನಲ್ಲಿ ಒಂದು ಅಭ್ಯಾಸ ಪಂದ್ಯದ ಊರಲ್ಲಿ ಕುಸಿದುಬಿದ್ದ. ಕ್ಷಯ ಮೆದುಳಿನ ಪೊರೆಗೆ ಏರಿತ್ತು. 31 ತುಂಬಿ ಎರಡು ದಿನಕ್ಕೆ, 14ನೇ ತಾರೀಕು ಹೋದ. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಬರೋಕೆ ಇನ್ನೂ ಮೂವತ್ತು ವರ್ಷ ಇತ್ತು. ಅಂತ್ಯಕ್ರಿಯೆಗೆ ಹೋಗಲೇಬೇಕು, ಪಂದ್ಯ ಆಡಲ್ಲ ಅಂತ ಜೊತೆಗಾರರು ಪಟ್ಟು ಹಿಡಿದರು. ಜುಲೈನಲ್ಲಿ ಅವನ ಮನೆಯವರಿಗಾಗಿ ಲೀಗ್ ಪಾರ್ಕ್‌ನಲ್ಲಿ ಬೇರೆ ಬೇರೆ ತಂಡದ ದೊಡ್ಡ ಆಟಗಾರರೆಲ್ಲ ಸೇರಿ ಆಡಿ, ಸುಮಾರು 13 ಸಾವಿರ ಡಾಲರ್ ಕೂಡಿಸಿಕೊಟ್ಟರು. ಹಾಲ್ ಆಫ್ ಫೇಮ್‌ಗೆ ಹತ್ತು ವರ್ಷ ಆಡಿರಬೇಕು ಅನ್ನೋದು ನಿಯಮ. ಇವನು ಆಡಿದ್ದು ಒಂಬತ್ತು. ನಿಯಮ ಸಡಿಲಿಸಿ 1978ರಲ್ಲಿ ಸೇರಿಸಿಕೊಂಡರು.

ಪುಳಿಯೋಗರೆ ಅಲ್ಲೇ ಹೊರಗಿನ ಮರದ ಕೆಳಗೆ ಮುಗಿಸಿದೆವು. ಮೂರನೇ ದಿನದ ಪುಳಿಯೋಗರೆ ರುಚಿ ಮೊದಲ ದಿನದ್ದಕ್ಕೆ ಬರಲ್ಲ.

ನಾಲ್ಕನೇ ದಿನ: ಡೆಟ್ರಾಯಿಟ್, ಮತ್ತೆ ಮನೆ

ಮಿಶಿಗನ್ ಅವೆನ್ಯೂ, ಟ್ರಂಬಲ್ ರಸ್ತೆ ಕೂಡುವ ಮೂಲೆ. ಹಳೇ ಟೈಗರ್ ಸ್ಟೇಡಿಯಂ ಈಗಿಲ್ಲ. 2009ರ ಹೊತ್ತಿಗೆ ಪೂರಾ ಕೆಡವಿದರು. ಅಲ್ಲೀಗ ಮಕ್ಕಳು ಆಡೋ ಮೈದಾನ. ಹಳೇ ಧ್ವಜಸ್ತಂಭ ಮಾತ್ರ ಅದೇ ಜಾಗದಲ್ಲಿ ನಿಂತಿದೆ.

1976ರಲ್ಲಿ ಇಲ್ಲಿ ಮಾರ್ಕ್ ಫಿಡ್ರಿಚ್ ಅನ್ನೋ 21 ವರ್ಷದ ಹುಡುಗ ಬಂದ. ಗುಂಗುರು ಕೂದಲು, ಉದ್ದ ಕಾಲು. ಮಕ್ಕಳ ಟಿವಿ ಕಾರ್ಯಕ್ರಮದ ಹಕ್ಕಿ ಗೊಂಬೆ ಥರ ಕಾಣ್ತಾನೆ ಅಂತ 'ಬರ್ಡ್' ಅಂತಲೇ ಕರೆದರು. ಎಸೆಯೋ ಮುಂಚೆ ಚೆಂಡಿನ ಜೊತೆ ಮಾತಾಡ್ತಿದ್ದ. ಮಂಡಿಯೂರಿ ಮಣ್ಣನ್ನ ಕೈಯಲ್ಲೇ ಸವರಿ ಸಮ ಮಾಡ್ತಿದ್ದ. ಜೂನ್ 28ರ ರಾತ್ರಿ ಇಡೀ ದೇಶ ಟಿವಿ ನೋಡ್ತಿದ್ದಾಗ ಯಾಂಕೀಸ್ ಮೇಲೆ 5-1ರಲ್ಲಿ ಗೆದ್ದ. ಜನ ಮನೆಗೆ ಹೋಗದೆ ಅವನನ್ನ ಮತ್ತೆ ಹೊರಗೆ ಕರೆಸಿದರು. ಆ ವರ್ಷ 19 ಗೆದ್ದ, 9 ಸೋತ. ಶುರು ಮಾಡಿದ ಪಂದ್ಯಗಳಲ್ಲಿ 24ನ್ನು ತಾನೇ ಕೊನೆವರೆಗೂ ಎಸೆದ. ಈಗಿನವರಲ್ಲಿ ಬಹಳಷ್ಟು ಜನ ಇಡೀ ಜೀವನದಲ್ಲಿ ಅಷ್ಟು ಎಸೆಯಲ್ಲ. 1977ರ ಅಭ್ಯಾಸದಲ್ಲಿ ಹಾರೋ ಚೆಂಡು ಹಿಡಿಯೋಕೆ ಹೋಗಿ ಮಂಡಿ ಕೆಟ್ಟಿತು. ವಾಪಸ್ ಬಂದಮೇಲೆ ಭುಜ ಸತ್ತುಹೋಯ್ತು. ಭುಜದೊಳಗೆ ಹರಿದಿದೆ ಅನ್ನೋದು ಗೊತ್ತಾದದ್ದು 1985ರಲ್ಲಿ, ಆಗ ಆಟ ಬಿಟ್ಟು ವರ್ಷಗಳೇ ಆಗಿದ್ದವು. ಮ್ಯಾಸಚೂಸೆಟ್ಸ್‌ನ ತನ್ನೂರಿಗೆ ಹೋಗಿ ಲಾರಿ ಓಡಿಸಿಕೊಂಡು, ತೋಟ ನೋಡ್ಕೊಂಡು ಖುಷಿಯಾಗೇ ಇದ್ದ. 2009ರಲ್ಲಿ ಅದೇ ಲಾರಿ ಕೆಳಗೆ ರಿಪೇರಿ ಮಾಡ್ತಿದ್ದಾಗ ಸತ್ತ.

ಬೇಲಿ ಆಚೆ ಹತ್ತು ವರ್ಷದ ಹುಡುಗನೊಬ್ಬ ಎಸೀತಾ ಇದ್ದ. ಬೂಟಿನ ತುದಿಯಿಂದ ನೆಲ ಕೆರೆದು ನೋಡಿದ. ಈಗಿನ ಹುಲ್ಲು ಪ್ಲಾಸ್ಟಿಕ್ಕಿನದ್ದು, ಸರಿ ಮಾಡೋಕೆ ಏನೂ ಇರಲಿಲ್ಲ. ಭಾವ ಬೇಲಿಗೆ ಮೂಗು ಒತ್ತಿ, "ಮೇಲೆ ಹಾಕ್ಬೇಡ ಮರಿ, ಮೇಲೆ ಹಾಕ್ಬೇಡ" ಅಂತ ಕನ್ನಡದಲ್ಲೇ ಹೇಳ್ತಾ ನಿಂತರು.

ವಾಪಸ್ ದಾರಿ ಬರೀ ಹೆದ್ದಾರಿ. ಬೌಲಿಂಗ್ ಗ್ರೀನ್ ಊರು ದಾಟಿದ ಮೇಲೆ ಕಾರಲ್ಲಿ ಏನೋ ಹುಳಿ ವಾಸನೆ. ಮೊಸರನ್ನ ಅಂದ್ಕೊಂಡು ನನ್ನ ಪ್ಯಾಂಟನ್ನೇ ಬೈದರು. ಮನೆಗೆ ಬಂದು ಡಿಕ್ಕಿ ತೆಗೆದಾಗ ಗೊತ್ತಾಯ್ತು. ನಾಲ್ಕು ದಿನದ ಬಿಸಿಲಿಗೆ ಡಜನ್ ಜೋಳ ಕೊಳೆತು ನೊಣ ಮುತ್ತಿತ್ತು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಏನೇನು ನೋಡಿದ್ರಿ?"

ಭಾವ ನನ್ನ ಮುಖ ನೋಡಿದರು. ನಾನು ಅಳಿಯನ ಮುಖ ನೋಡಿದೆ. ಅಳಿಯ, ಪಾಪ, ಅಮೆರಿಕಕ್ಕೆ ಬಂದು ಹತ್ತು ವರ್ಷ ಆಗಿದೆ, "ಮೂರು ಸಮಾಧಿ ಅಮ್ಮ" ಅಂದುಬಿಟ್ಟ.

"ಅಲ್ಲೇ ನಿಂತ್ಕೊಳ್ಳಿ" ಅಂದಳು ಅಕ್ಕ. "ಒಳಗೆ ಕಾಲಿಡಬೇಡಿ ಯಾರೂ." ಗ್ಯಾರೇಜಿನಲ್ಲಿ ಗಿಡಕ್ಕೆ ನೀರು ಹಾಕೋ ಪೈಪು ಇತ್ತು. ನಲ್ಲಿ ತಿರುಗಿಸಿ ಮೊದಲು ಭಾವನ ತಲೆ ಮೇಲೆ ಹಿಡಿದಳು.